ಗುಂಡಿಯೊತ್ತುವ ಬೆರಳು

ಇಂಗ್ಲೆಂಡಿನ ಗ್ರೀನಿಚ್ ಖಗೋಳ ವೀಕ್ಷಣಾಲಯದಲ್ಲಿ ಡೇವಿಡ್ ಕಿನ್ನೆಬ್ರೂಕ್ ಎಂಬ ಸಹಾಯಕನಿದ್ದನು. ಗಡಿಯಾರದ ಬಡಿತವನ್ನು ಕಿವಿಯಿಂದ ಎಣಿಸುತ್ತ, ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ಕ್ಷಣವನ್ನು ಕಣ್ಣಿನಿಂದ ಗುರುತಿಸುವುದು ಅವನ ಕೆಲಸ. ಅವನು ಬರೆದಿಟ್ಟ ಕಾಲವು ಮುಖ್ಯಸ್ಥನಾದ ನೆವಿಲ್ ಮ್ಯಾಸ್ಕೆಲಿನ್ ಕಂಡ ಕಾಲಕ್ಕಿಂತ ಸುಮಾರು 0.8 ಸೆಕೆಂಡು ತಡವಾಗಿರುತ್ತಿತ್ತು. ಎಚ್ಚರಿಸಿದರೂ ಅಂತರ ತಗ್ಗಲಿಲ್ಲ. 1796ರಲ್ಲಿ ಅವನು ಕೆಲಸ ಕಳೆದುಕೊಂಡನು. ಮುಖ್ಯಸ್ಥನ ಎಣಿಕೆಯೇ ಸರಿಯೆಂಬುದಕ್ಕೆ ಆಧಾರವೇನೆಂದು ಅಂದು ಯಾರೂ ಕೇಳಲಿಲ್ಲ. 1820ರ ಸುಮಾರಿಗೆ ಪ್ರಷ್ಯದ ಖಗೋಳ ವಿಜ್ಞಾನಿ ಬೆಸೆಲ್ ತನ್ನ ಎಣಿಕೆಯನ್ನು ಇತರ ನುರಿತ ವೀಕ್ಷಕರ ಎಣಿಕೆಯೊಡನೆ ಹೋಲಿಸಿ ನೋಡಿದನು. ಅವರ ನಡುವೆಯೂ ಒಂದು ಸೆಕೆಂಡಿನಷ್ಟು ಅಂತರವಿತ್ತು! ಅದು ಒಬ್ಬನ ಅಲಕ್ಷ್ಯವಲ್ಲ, ಮನುಷ್ಯ ಮನುಷ್ಯನಿಗೂ ಇರುವ ಸಹಜ ಭೇದವೆಂಬುದು ಆಗ ಸ್ಪಷ್ಟವಾಯಿತು.

ಈ ಪ್ರಶ್ನೆ ಮುಂದೆ ಕಾರ್ಖಾನೆಯನ್ನೂ ಹೊಕ್ಕಿತು. ಅಮೆರಿಕದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ 1880ರ ದಶಕದಲ್ಲಿ ಎಫ್. ಡಬ್ಲ್ಯು. ಟೇಲರ್ ಎಂಬ ಎಂಜಿನಿಯರು ಕೆಲಸವನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಒಂದೊಂದಕ್ಕೂ ಹಿಡಿಯುವ ಕಾಲವನ್ನು ಅಳೆಯುವ ಪದ್ಧತಿಯನ್ನು ಆರಂಭಿಸಿದನು. ಸ್ಟಾಪ್‌ವಾಚು ಅದರ ಮುಖ್ಯ ಸಾಧನವಾಯಿತು. ಹೀಗೆ ಅಳೆದ ಕಾಲದ ಮೇಲೆಯೇ ದಿನಕ್ಕೆ ಎಷ್ಟು ಬಿಡಿಭಾಗಗಳಾಗಬೇಕು, ಕೆಲಸಗಾರನಿಗೆ ಎಷ್ಟು ಕೂಲಿ ಸಲ್ಲಬೇಕು ಎಂಬುದು ನಿರ್ಧಾರವಾಗುತ್ತದೆ. ಅಳತೆ ಹುಸಿಯಾದರೆ ನಷ್ಟ ಪಡುವವನು ಯಂತ್ರದ ಮುಂದೆ ನಿಂತವನು.

ಸ್ಟಾಪ್‌ವಾಚು ಸೆಕೆಂಡಿನ ನೂರರಲ್ಲೊಂದು ಪಾಲನ್ನು ತೋರಿಸಬಹುದು. ಆದರೆ ಅದರ ಗುಂಡಿಯನ್ನು ಒತ್ತುವುದು ಬೆರಳು. ಕಣ್ಣು ಕಂಡುದನ್ನು ಬೆರಳು ಪಾಲಿಸಲು ಸುಮಾರು 0.2 ಸೆಕೆಂಡು ಬೇಕು. ಆರಂಭದಲ್ಲಿಯೂ ಕೊನೆಯಲ್ಲಿಯೂ ಒಂದೇ ತಡವಾದರೆ ಎರಡೂ ಪರಸ್ಪರ ಕಳೆದುಹೋಗುತ್ತವೆ. ವಾಸ್ತವವಾಗಿ ಹಾಗಾಗುವುದಿಲ್ಲ. ಆರಂಭವು ಥಟ್ಟನೆ ಬರುತ್ತದೆ. ಮುಕ್ತಾಯವಾದರೋ ಬರುತ್ತಿರುವುದು ಕಾಣುವುದರಿಂದ ಬೆರಳು ಮೊದಲೇ ಸಿದ್ಧವಾಗಿರುತ್ತದೆ. ಓಟದ ಪಂದ್ಯಗಳಲ್ಲಿ ಕೈಯಿಂದ ಅಳೆದ ಕಾಲವು ವಿದ್ಯುತ್ ಸಾಧನದ ಕಾಲಕ್ಕಿಂತ ಕಡಿಮೆಯಾಗಿ ಬರಲು ಇದೇ ಕಾರಣ.

ಹಾಗಾದರೆ ಅಳೆಯುವವರನ್ನು ಅಳೆಯುವುದು ಹೇಗೆ? ಕಬ್ಬಿಣದ ಸಲಾಕಿಯನ್ನು ಎಷ್ಟು ಸಲ ಬೇಕಾದರೂ ಅಳೆಯಬಹುದು. ಕಳೆದುಹೋದ ಕ್ಷಣವು ಮರಳಿ ಬಾರದು. ಆದುದರಿಂದ ಕೆಲಸದ ಹತ್ತು ಆವರ್ತಗಳನ್ನು ಚಲನಚಿತ್ರವಾಗಿ ಹಿಡಿದು, ಮೂವರು ಅಳತೆಗಾರರಿಗೆ ಕ್ರಮ ಬದಲಿಸಿ ಎರಡು ಮೂರು ಸಲ ತೋರಿಸುತ್ತಾರೆ. ಹಿಂದೆ ಬರೆದ ಅಂಕಿಯನ್ನು ಯಾರೂ ನೋಡಕೂಡದು. ಒಬ್ಬನೇ ಒಂದೇ ಆವರ್ತವನ್ನು ಅಳೆದಾಗ ಬರುವ ಏರಿಳಿತ ಒಂದು. ಅಳತೆಗಾರರ ಸರಾಸರಿಗಳ ನಡುವಣ ಅಂತರ ಇನ್ನೊಂದು. ಇವೆರಡನ್ನೂ ಕೂಡಿಸಿ ಗಣಿಸಿದ ಚೆದುರಿಕೆಯು ಒಟ್ಟು ಚೆದುರಿಕೆಯ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಅಳತೆ ನಂಬಿಕೆಗೆ ಅರ್ಹ. ಶೇಕಡಾ 30ನ್ನು ಮೀರಿದರೆ ಅನರ್ಹವೆಂದು ಕೈಗಾರಿಕೆಗಳಲ್ಲಿ ಸಾಮಾನ್ಯವಾಗಿ ಎಣಿಸುತ್ತಾರೆ. ಚಿತ್ರದ ಮುಂದೆ ನೆಮ್ಮದಿಯಿಂದ ಕುಳಿತವನ ಬೆರಳು ಯಂತ್ರಗಳ ಗದ್ದಲದ ನಡುವೆ ಅಷ್ಟೇ ಚೆನ್ನಾಗಿ ನಡೆದೀತೆಂದು ಮಾತ್ರ ಹೇಳಲಾಗದು.

ಏರಿಳಿತವು ಒಬ್ಬನದೇ ಆಗಿದ್ದರೆ ಅಭ್ಯಾಸದಿಂದ ಅದು ಕೊಂಚ ತಗ್ಗಬಹುದು. ಅಂತರವು ಅಳತೆಗಾರರ ನಡುವಿನದಾದರೆ ದೋಷ ಅನೇಕ ವೇಳೆ ಬೆರಳಿನಲ್ಲಿರುವುದಿಲ್ಲ, ಮಾತಿನಲ್ಲಿರುತ್ತದೆ. ಕೆಲಸಗಾರನ ಕೈ ಲೋಹದ ತುಂಡನ್ನು ಮುಟ್ಟಿದಾಗ ಒಬ್ಬನು ಗುಂಡಿ ಒತ್ತುತ್ತಾನೆ. ಉಳಿಯು ಲೋಹವನ್ನು ಮುಟ್ಟಿದಾಗ ಮತ್ತೊಬ್ಬನು ಒತ್ತುತ್ತಾನೆ. ‘ಆರಂಭ’ವೆಂದರೆ ಯಾವುದೆಂದು ಮೊದಲೇ ಬರೆದು ಕೊಟ್ಟರೆ ಈ ಅಂತರ ಬಹಳಮಟ್ಟಿಗೆ ಕರಗುತ್ತದೆ.

ಕಿರಿದಾದ ಕೆಲಸಕ್ಕೆ ಇನ್ನೊಂದು ಉಪಾಯವಿದೆ. ಲೋಲಕದ ಪ್ರಯೋಗದಲ್ಲಿ ಇಪ್ಪತ್ತು ಆಂದೋಲನಗಳ ಕಾಲವನ್ನು ಒಟ್ಟಿಗೆ ಅಳೆಯುವುದನ್ನು ವಿದ್ಯಾರ್ಥಿಗಳು ಬಲ್ಲರು. ಒಂದು ಕೆಲಸಕ್ಕೆ 4 ಸೆಕೆಂಡು ಹಿಡಿಯುವುದೆಂದೂ ಬೆರಳಿನ ತಪ್ಪು 0.2 ಸೆಕೆಂಡೆಂದೂ ಇಟ್ಟುಕೊಂಡರೆ, ತಪ್ಪು ಶೇಕಡಾ 5ರಷ್ಟಾಯಿತು. ಎಡೆಬಿಡದೆ ನಡೆಯುವ ಹತ್ತು ಆವರ್ತಗಳನ್ನು ಒಂದೇ ಬಾರಿಗೆ ಅಳೆದರೆ ಅದೇ 0.2 ಸೆಕೆಂಡು 40 ಸೆಕೆಂಡುಗಳಲ್ಲಿ ಹಂಚಿಹೋಗಿ ಶೇಕಡಾ 0.5ಕ್ಕೆ ಇಳಿಯುತ್ತದೆ. ಆದರೆ ಹತ್ತರಲ್ಲಿ ಯಾವುದು ನಿಧಾನವಾಯಿತು, ಕೆಲಸಗಾರನು ಎಲ್ಲಿ ತಡವರಿಸಿದನು ಎಂಬುದು ಆ ಒಂದು ಅಂಕಿಯಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯಬೇಕಾದಲ್ಲಿ ಬೆಳಕಿನ ಕಿರಣವೊಂದನ್ನು ಯಂತ್ರಕ್ಕೆ ಅಡ್ಡಲಾಗಿ ಹಾಯಿಸಿ, ತುಂಡು ಅದನ್ನು ತಡೆದಾಗ ಗಡಿಯಾರವು ತಾನಾಗಿಯೇ ಓಡುವಂತೆ ಮಾಡುತ್ತಾರೆ.