ರಕ್ತ ಹರಿಯುತ್ತಿದೆ, ಆದರೂ ಸ್ಟ್ರೋಕ್?

ದೊಡ್ಡಮ್ಮನ ಮಗಳಿಗೆ ಇಪ್ಪತ್ತೆರಡು ವರ್ಷ. ಒಂದು ಬೆಳಗ್ಗೆ ವಿಪರೀತ ತಲೆನೋವು, ವಾಂತಿ, ಆಮೇಲೆ ಫಿಟ್ಸ್. ಎಚ್ಚರವಾದ ಮೇಲೆ "ಅಕ್ಕಾ, ಬಲಗಡೆ ಏನೂ ಕಾಣ್ತಿಲ್ಲ" ಅಂತ ನನ್ನ ಕೈ ಹಿಡಿದಳು. ಮೊದಲು ಹೋದ ಆಸ್ಪತ್ರೆಯಲ್ಲಿ ಸ್ಟ್ರೋಕ್ ಅಂದರು. ಈ ವಯಸ್ಸಿಗೆ? ಬಿಪಿ ಇಲ್ಲ, ಕುತ್ತಿಗೆಯ ರಕ್ತನಾಳಗಳಲ್ಲಿ ಅಡ್ಡಿಯೂ ಇಲ್ಲ.

ಎರಡನೇ ಆಸ್ಪತ್ರೆಯ ನರರೋಗ ತಜ್ಞೆ ಎಂಆರ್‌ಐ ತೋರಿಸಿದರು. ಸ್ಟ್ರೋಕ್‌ನಲ್ಲಿ ಒಂದು ರಕ್ತನಾಳ ಕಟ್ಟಿಕೊಂಡರೆ ಅದರ ಪಾಲಿನ ಜಾಗವಷ್ಟೇ ಹಾಳಾಗುತ್ತೆ. ಕಾಲುವೆ ಮುಚ್ಚಿದರೆ ಅದರ ಕೆಳಗಿನ ಗದ್ದೆ ಒಣಗಿದ ಹಾಗೆ. ಇವಳ ಮಿದುಳಿನ ಹಿಂಭಾಗದ ಕಲೆ ಎರಡು ಕಾಲುವೆಗಳ ಗದ್ದೆಗೂ ಹರಡಿತ್ತು. ರಕ್ತದ ಹರಿವು ಅಳೆಯುವ ಸ್ಕ್ಯಾನ್ ನೋಡಿ ನಾನು ಬೆಚ್ಚಿದೆ. ಅಲ್ಲಿ ರಕ್ತ ಕಡಿಮೆ ಇರಲಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಇತ್ತು.

ಕಾಯಿಲೆ ಹೆಸರು ಮೆಲಾಸ್. 1984ರಲ್ಲಿ ವೈದ್ಯರು ಇಟ್ಟ ಹೆಸರು. ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೋಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ, 16,569 ಅಕ್ಷರದ್ದು. ಹೆಚ್ಚಿನ ಮೆಲಾಸ್ ರೋಗಿಗಳಲ್ಲಿ 3243ನೇ ಜಾಗದಲ್ಲಿ 'ಎ' ಬದಲು 'ಜಿ' ಇರುತ್ತೆ. ಒಂದೇ ಅಕ್ಷರದ ಟೈಪೋ! ನಮ್ಮ ಕೋಡ್‌ನಲ್ಲಾದರೆ ಕಂಪೈಲರ್ ಬೈಯುತ್ತಿತ್ತು. ಇಲ್ಲಿ ವರ್ಷಗಟ್ಟಲೆ ಎಲ್ಲ ನಡೆದು, ಲೋಡ್ ಜಾಸ್ತಿಯಾದ ದಿನ ಬೀಳುತ್ತೆ.

ರಕ್ತ ಆಮ್ಲಜನಕ ತಂದು ಸುರಿದರೂ ಕೋಶ ಅದನ್ನು ಬಳಸಲಾರದು. ಲ್ಯಾಕ್ಟಿಕ್ ಆಮ್ಲ ಸೇರುತ್ತೆ, ಆ ಆಮ್ಲಕ್ಕೆ ರಕ್ತನಾಳ ಇನ್ನಷ್ಟು ಹಿಗ್ಗುತ್ತೆ. ಫಿಟ್ಸ್ ಕೂಡ ಹರಿವನ್ನು ಏರಿಸುತ್ತೆ. ಆಮೇಲಾಮೇಲೆ ಅದೇ ಜಾಗದಲ್ಲಿ ಹರಿವು ಇಳಿಯುತ್ತೆ, ರಕ್ತ ಕೇಳುವ ಕೋಶಗಳೇ ಅಷ್ಟು ಉಳಿದಿರಲ್ಲ. ಇನ್ನೊಂದು ವಾದವೂ ಇದೆ: ಸಣ್ಣ ರಕ್ತನಾಳಗಳ ಗೋಡೆಯಲ್ಲೂ ಇದೇ ದೋಷ, ಅವು ಬೇಕಾದಾಗ ಹಿಗ್ಗಲ್ಲ. ಅದಕ್ಕೇ ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ತಯಾರಾಗಲಿ ಅಂತ ಆರ್ಜಿನಿನ್ ಡ್ರಿಪ್ ಕೊಡ್ತಾರೆ. ಆಗಲೇ ಹಿಗ್ಗಿರೋದಕ್ಕೆ ಅದ್ಯಾಕೆ ಅಂತ ಕೇಳಿದೆ. ಡಾಕ್ಟರ್ ನಕ್ಕು, "ಅದೇ ಜಗಳ ನಮ್ಮಲ್ಲೂ ಇದೆ" ಅಂದರು. ಫಿಟ್ಸ್‌ಗೆ ಸಾಮಾನ್ಯವಾಗಿ ಬರೆಯುವ ವಾಲ್ಪ್ರೊಯೇಟ್ ಮಾತ್ರ ಇವರಿಗೆ ಆದಷ್ಟು ಬೇಡ, ಅದು ಮೈಟೋಕಾಂಡ್ರಿಯವನ್ನೇ ಕಾಡುತ್ತೆ. ಅವಳ ಫೈಲ್ ಮೇಲೆ ನಾನು ಅದನ್ನು ಕೆಂಪು ಪೆನ್ನಲ್ಲಿ ಬರೆದಿಟ್ಟಿದ್ದೇನೆ.

ಈ ಡಿಎನ್‌ಎ ಬರೋದು ತಾಯಿಯಿಂದ. ಟೈಪೋ ಇರುವ ಪ್ರತಿಗಳ ಪಾಲು ಕಡಿಮೆಯಿದ್ದರೆ ಬರೀ ಸಕ್ಕರೆ ಕಾಯಿಲೆ, ಕಿವಿ ಮಂದ ಆಗಿ ಅಷ್ಟಕ್ಕೇ ನಿಲ್ಲಬಹುದು. "ಮನೆಯಲ್ಲಿ ಯಾರಿಗಾದರೂ ಇದೆಯಾ?" ಅಂತ ಡಾಕ್ಟರ್ ಕೇಳಿದಾಗ ದೊಡ್ಡಮ್ಮ ನನ್ನ ಅಮ್ಮನ ಕಡೆ ನೋಡಿದರು. ಅಮ್ಮನಿಗೆ ನಲವತ್ತಕ್ಕೇ ಶುಗರ್, ಈಗ ಹಿಯರಿಂಗ್ ಏಡ್. ಅವರಿಗೆ ಪ್ರಶ್ನೆ ಕೇಳಿಸಿರಲಿಲ್ಲ. ನಾನೇ ಜೋರಾಗಿ ಇನ್ನೊಮ್ಮೆ ಹೇಳಬೇಕಾಯ್ತು.

ಕಳೆದ ವಾರ ನನ್ನ ರಕ್ತ, ಮೂತ್ರದ ಸ್ಯಾಂಪಲ್ ಕೊಟ್ಟು ಬಂದೆ. ರಿಪೋರ್ಟ್ ಇನ್ನೂ ಬಂದಿಲ್ಲ. ತಂಗಿ ಮನೆಗೆ ಬಂದಿದ್ದಾಳೆ, ಓದುವಾಗ ಸಾಲಿನ ಬಲತುದಿಯನ್ನು ಬೆರಳಿಟ್ಟು ಹುಡುಕುತ್ತಾಳೆ.