ಸಕಲೇಶಪುರ ದಾಟಿದ ಮೇಲೆ ರೈಲು ತೆವಳುವುದೇಕೆ?

ಪ್ರಶ್ನೆ: ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿ ಕರಾವಳಿ ಕಡೆ ಹೋಗುವಾಗ, ಸಕಲೇಶಪುರದ ನಂತರ ನಡುರಾತ್ರಿ ಗಾಡಿ ತೀರಾ ನಿಧಾನವಾಗುತ್ತದೆ. ಯಾಕೆ?
– ಓದುಗರೊಬ್ಬರು, ನಂದಿನಿ ಲೇಔಟ್

ಉತ್ತರ: ನೀವು ಮಲಗಿರುವಾಗ ರೈಲು ಘಟ್ಟ ಇಳಿಯುತ್ತಿರುತ್ತದೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಘಟ್ಟದ ಬುಡದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದ ಎತ್ತರ ನೂರು ಚಿಲ್ಲರೆ ಮೀಟರ್ ಅಷ್ಟೇ. ಇಷ್ಟೂ ಇಳಿಜಾರು ಸುಮಾರು 55 ಕಿಲೋಮೀಟರಿನೊಳಗೆ ಮುಗಿಯಬೇಕು. ಕಡಿದಾದ ಕಡೆಗಳಲ್ಲಿ ಪ್ರತಿ 50 ಮೀಟರ್ ಮುಂದೆ ಹೋದಂತೆ ಹಳಿ ಒಂದು ಮೀಟರ್ ಕೆಳಗಿಳಿಯುತ್ತದೆ. ರಸ್ತೆಗೆ ಇದು ಏನೂ ಅಲ್ಲ, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ನೂರಾರು ಟನ್ ತೂಕದ ಗಾಡಿ ಒಮ್ಮೆ ವೇಗ ಹಿಡಿದರೆ ತಡೆಯುವುದು ಬಲು ಕಷ್ಟ. ಅದಕ್ಕೇ ಇಳಿಯುವ ಮೊದಲೇ ಬ್ರೇಕಿನ ಪರೀಕ್ಷೆ, ದಾರಿಯುದ್ದಕ್ಕೂ ಬಿಗಿಯಾದ ವೇಗಮಿತಿ. ಮರಳಿ ಹತ್ತುವಾಗ ಸುಬ್ರಹ್ಮಣ್ಯ ರೋಡಿನಲ್ಲಿ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಸೇರಿಸುತ್ತಾರೆ; ಆ ಜೋಡಣೆಯ ಕುಲುಕಾಟಕ್ಕೆ ಎಷ್ಟೋ ಜನರಿಗೆ ಎಚ್ಚರವಾಗುತ್ತದೆ.

ಈ ಮಾರ್ಗದಲ್ಲಿ 57 ಸುರಂಗಗಳಿವೆ. ಕಿಟಕಿಯ ಪಕ್ಕ ಎಚ್ಚರವಾಗಿದ್ದರೆ ಗಾಲಿಯ ಸದ್ದು ಹಠಾತ್ತನೆ ದಪ್ಪವಾಗಿ, ಮತ್ತೆ ತೆಳುವಾಗುವುದು ಕೇಳಿಸುತ್ತದೆ: ಒಂದು ಸುರಂಗ ಕಳೆಯಿತು ಎಂದರ್ಥ. ಮಳೆಗಾಲದಲ್ಲಿ ಇಲ್ಲಿನ ಮಣ್ಣನ್ನು ನಂಬುವಂತಿಲ್ಲ. 2024ರ ಜುಲೈಯಲ್ಲಿ ಇದೇ ಮಾರ್ಗದ ಎಡಕುಮೇರಿ ಬಳಿ ಭೂಕುಸಿತವಾಗಿ ಸಂಚಾರ ದಿನಗಟ್ಟಲೆ ನಿಂತಿತ್ತು. ಹಾಗಾಗಿ ಆ ನಿಧಾನಕ್ಕೆ ನಾನಂತೂ ಬೇಸರಪಡುವುದಿಲ್ಲ.

ಘಟ್ಟವನ್ನು ಕಣ್ಣಾರೆ ನೋಡಬೇಕಿದ್ದರೆ ಒಮ್ಮೆ ಹಗಲು ರೈಲಿನಲ್ಲಿ ಹೋಗಿ. ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆಗೆ ಹೋದರೆ ತೊರೆಗಳಲ್ಲಿ ಇನ್ನೂ ನೀರಿರುತ್ತದೆ.