ಧುಮುಕುಕೊಡೆ ಮತ್ತು ಓಡುದಾರಿ

ಎತ್ತರಕ್ಕೆ ಏರಬೇಕೆಂಬುದು ಮಾನವನ ಬಹುಕಾಲದ ಹಂಬಲ. ಆದರೆ ಏರುವುದು ಎಷ್ಟು ಕಷ್ಟವೋ, ಏರಿದ ಮೇಲೆ ಕ್ಷೇಮವಾಗಿ ಇಳಿಯುವುದೂ ಅಷ್ಟೇ ಕಷ್ಟ. ವಿಮಾನವು ಹುಟ್ಟುವುದಕ್ಕೆ ಬಹಳ ಮೊದಲೇ ಈ ಇಳಿಯುವ ವಿದ್ಯೆಯನ್ನು ಕುರಿತು ಯೋಚಿಸಿದವರಿದ್ದರು. ಇಟಲಿಯ ಲಿಯೊನಾರ್ಡೊ ಡ ವಿಂಚಿಯು ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ, ಬಟ್ಟೆಯ ಗುಡಾರವೊಂದನ್ನು ಹಿಡಿದು ಕೆಳಗಿಳಿಯುವ ಮನುಷ್ಯನ ಚಿತ್ರವನ್ನು ಬರೆದಿದ್ದನು. ೧೭೮೩ರಲ್ಲಿ ಫ್ರಾನ್ಸಿನ ಲೆನೊರ್ಮಾ ಎಂಬಾತನು ಮೊಂಪೆಲಿಯೆ ನಗರದ ವೀಕ್ಷಣಾಲಯದ ಗೋಪುರದಿಂದ ಅಂತಹ ಕೊಡೆಯೊಂದರ ಸಹಾಯದಿಂದ ಇಳಿದನು. ಅದಕ್ಕೆ 'ಪ್ಯಾರಾಚೂಟ್' ಎಂದು ಹೆಸರಿಟ್ಟವನೂ ಅವನೇ. ಬೀಳುವಿಕೆಯಿಂದ ರಕ್ಷಿಸುವುದು ಎಂದು ಆ ಪದದ ಅರ್ಥ. ೧೭೯೭ರ ಅಕ್ಟೋಬರ್ ೨೨ರಂದು ಗಾರ್ನರಿನ್ ಎಂಬ ಫ್ರೆಂಚ್ ಸಾಹಸಿಯು ಪ್ಯಾರಿಸ್ ನಗರದ ಮೇಲೆ ಬಲೂನಿನಲ್ಲಿ ಏರಿ, ರೇಷ್ಮೆಯ ಕೊಡೆಯಲ್ಲಿ ಗಡಿಯಾರದ ಲೋಲಕದಂತೆ ತೂಗಾಡುತ್ತ ನೆಲವನ್ನು ಮುಟ್ಟಿದನು. ಕನ್ನಡದಲ್ಲಿ ಇದನ್ನು ಧುಮುಕುಕೊಡೆ ಎಂದು ಸೊಗಸಾಗಿ ಕರೆದಿದ್ದೇವೆ.

ಇಪ್ಪತ್ತನೆಯ ಶತಮಾನದಲ್ಲಿ ವಿಮಾನವು ಬಂದ ಮೇಲೆ ಧುಮುಕುಕೊಡೆಯು ಪ್ರಾಣರಕ್ಷಕ ಸಾಧನವಾಯಿತು. ೧೯೧೯ರಲ್ಲಿ ಅಮೆರಿಕದ ಲೆಸ್ಲಿ ಇರ್ವಿನ್ ವಿಮಾನದಿಂದ ಧುಮುಕಿ, ಸ್ವಲ್ಪ ದೂರ ಹಾಗೆಯೇ ಬಿದ್ದು, ಅನಂತರ ತನ್ನ ಕೈಯಿಂದಲೇ ಹಗ್ಗವನ್ನೆಳೆದು ಕೊಡೆಯನ್ನು ಬಿಡಿಸಿಕೊಂಡನು. ಹಾಗೆ ಬೀಳುವ ಮನುಷ್ಯನು ಪ್ರಜ್ಞೆಯನ್ನು ಕಳೆದುಕೊಳ್ಳುತ್ತಾನೆಂದು ಅಂದು ಅನೇಕರು ನಂಬಿದ್ದರು. ಆ ನಂಬಿಕೆ ಅಂದಿನಿಂದ ಸುಳ್ಳಾಯಿತು. ಕಾಲಕ್ರಮದಲ್ಲಿ, ಕಷ್ಟಕಾಲದಲ್ಲಿ ಮಾತ್ರ ಬಳಸುತ್ತಿದ್ದ ಈ ಸಾಧನವನ್ನು ಜನರು ವಿನೋದಕ್ಕಾಗಿಯೂ ಬಳಸತೊಡಗಿದರು. ಸ್ಕೈಡೈವಿಂಗ್ ಎಂದು ಕರೆಯುವ ಗಗನಜಿಗಿತದ ಕ್ರೀಡೆ ಹೀಗೆ ಬೆಳೆಯಿತು.

ಈ ಕ್ರೀಡೆಯ ಅಪಾಯವೆಂದೊಡನೆ, ಕೊಡೆ ಬಿಚ್ಚಿಕೊಳ್ಳದಿದ್ದರೆ ಏನು ಗತಿ ಎಂಬ ಪ್ರಶ್ನೆಯೇ ನಮಗೆ ಮೊದಲು ತೋರುತ್ತದೆ. ಅದಕ್ಕಾಗಿ ಪ್ರತಿಯೊಬ್ಬ ಜಿಗಿತಗಾರನ ಬೆನ್ನಿನ ಮೇಲೆ ಎರಡನೆಯ ಕೊಡೆಯೊಂದು ಸಿದ್ಧವಾಗಿರುತ್ತದೆ. ನಮ್ಮ ಗಮನಕ್ಕೆ ಅಷ್ಟಾಗಿ ಬಾರದ ಇನ್ನೊಂದು ಅಪಾಯವಿದೆ. ಅದು ವಿಮಾನ ನಿಲ್ದಾಣದ ಓಡುದಾರಿಯ ಸಮೀಪದಲ್ಲಿ ಉಂಟಾಗುವಂಥದು. ವಿಮಾನಗಳು ಏರುವ ಮತ್ತು ಇಳಿಯುವ ಸ್ಥಳದಲ್ಲಿಯೇ ಮನುಷ್ಯರೂ ಆಕಾಶದಿಂದ ಇಳಿದರೆ, ಇಬ್ಬರ ದಾರಿಗಳೂ ಒಂದನ್ನೊಂದು ಕತ್ತರಿಸುವ ಸಂಭವವುಂಟು.

ಹಾಗಾದರೆ ಜಿಗಿತಗಾರರು ವಿಮಾನ ನಿಲ್ದಾಣದಿಂದ ದೂರವಿರಬಾರದೇಕೆ? ಕಾರಣ ಸರಳವಾಗಿದೆ. ಅವರನ್ನು ಮೇಲಕ್ಕೆ ಒಯ್ಯಲು ವಿಮಾನ ಬೇಕು. ವಿಮಾನಕ್ಕೆ ಓಡುದಾರಿ ಬೇಕು. ಅಲ್ಲದೆ ಧುಮುಕಿದವರಿಗೆ ಮರ, ಮನೆ, ವಿದ್ಯುತ್ ತಂತಿಗಳಿಲ್ಲದ ವಿಶಾಲವಾದ ಬಯಲು ಬೇಕು. ಚಿಕ್ಕ ವಿಮಾನ ನಿಲ್ದಾಣದ ಸುತ್ತ ಅಂತಹ ಬಯಲು ತಾನಾಗಿಯೇ ದೊರೆಯುತ್ತದೆ. ಆದ್ದರಿಂದ ಅಮೆರಿಕ, ಯೂರೋಪು ಮುಂತಾದ ಕಡೆಗಳಲ್ಲಿ ಎಷ್ಟೋ ಜಿಗಿತದ ಕೇಂದ್ರಗಳು ಇಂತಹ ನಿಲ್ದಾಣಗಳಲ್ಲಿಯೇ ಇವೆ. ಇವುಗಳಲ್ಲಿ ಹಲವಕ್ಕೆ ನಿಯಂತ್ರಣ ಗೋಪುರವಿಲ್ಲ. ವಿಮಾನ ಚಾಲಕರು ತಾವು ಎಲ್ಲಿದ್ದೇವೆ, ಯಾವ ಕಡೆಗೆ ತಿರುಗುತ್ತಿದ್ದೇವೆ ಎಂಬುದನ್ನು ರೇಡಿಯೋ ಮೂಲಕ ಪರಸ್ಪರ ತಿಳಿಸಿಕೊಂಡು ತಾವೇ ಎಚ್ಚರದಿಂದ ಇಳಿಯುತ್ತಾರೆ.

ಈಗ ಧುಮುಕುವವನ ಸ್ಥಿತಿಯನ್ನು ನೋಡೋಣ. ಅವನು ಸಾಮಾನ್ಯವಾಗಿ ೪,೦೦೦ ಮೀಟರುಗಳಷ್ಟು ಎತ್ತರದಿಂದ ಹಾರಿಕೊಳ್ಳುತ್ತಾನೆ. ಮೊದಲು ಅವನ ವೇಗವು ಕ್ಷಣಕ್ಷಣಕ್ಕೂ ಹೆಚ್ಚುತ್ತದೆ. ಆದರೆ ವೇಗ ಹೆಚ್ಚಿದಂತೆಲ್ಲ ಗಾಳಿಯ ತಡೆಯೂ ಹೆಚ್ಚಿ, ಕೊನೆಗೆ ಅದು ಅವನ ತೂಕಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದೆ ಅವನು ಒಂದೇ ವೇಗದಲ್ಲಿ, ಗಂಟೆಗೆ ಸುಮಾರು ೧೯೦ ಕಿಲೋಮೀಟರಿನಂತೆ ಬೀಳುತ್ತಾನೆ. ಎಂದರೆ ಸೆಕೆಂಡಿಗೆ ೫೦ ಮೀಟರಿಗೂ ಹೆಚ್ಚು. ಹೀಗೆ ಸುಮಾರು ಒಂದು ನಿಮಿಷ ಬಿದ್ದು, ನೆಲದಿಂದ ಒಂದು ಕಿಲೋಮೀಟರಿನಷ್ಟು ಎತ್ತರದಲ್ಲಿ ಕೊಡೆಯನ್ನು ಬಿಡಿಸುತ್ತಾನೆ.

ಈ ಒಂದು ನಿಮಿಷದಲ್ಲಿ ಅವನು ಇತರ ವಿಮಾನ ಚಾಲಕರಿಗೆ ಬಹುಮಟ್ಟಿಗೆ ಅಗೋಚರನು. ಅವನಲ್ಲಿ ದೀಪವಿಲ್ಲ, ಸದ್ದಿಲ್ಲ, ತನ್ನ ಇರವನ್ನು ರೇಡಾರಿಗೆ ತಿಳಿಸುವ ಯಂತ್ರವಿಲ್ಲ. ೫೦೦ ಮೀಟರ್ ದೂರದಲ್ಲಿರುವ ಮನುಷ್ಯನ ದೇಹವು ಕಣ್ಣಿಗೆ, ಎರಡು ಮೀಟರ್ ದೂರದಲ್ಲಿಟ್ಟ ಒಂದು ಭತ್ತದ ಕಾಳಿನಷ್ಟು ತೋರುತ್ತದೆ. ಗಂಟೆಗೆ ೨೦೦ ಕಿಲೋಮೀಟರ್ ವೇಗದ ವಿಮಾನವು ಆ ೫೦೦ ಮೀಟರನ್ನು ಒಂಬತ್ತು ಸೆಕೆಂಡುಗಳಲ್ಲಿ ಕ್ರಮಿಸುತ್ತದೆ. ಅಷ್ಟರೊಳಗೆ ಚಾಲಕನು ಆ ಕಾಳನ್ನು ಕಂಡು, ಅದು ಮನುಷ್ಯನೆಂದು ತಿಳಿದು, ವಿಮಾನವನ್ನು ತಿರುಗಿಸಬೇಕು. ರೆಕ್ಕೆಗಳು ಮೇಲಿರುವ ವಿಮಾನವಾದರೆ ಮೇಲಿನ ಆಕಾಶವು ರೆಕ್ಕೆಗಳಿಂದಲೇ ಮರೆಯಾಗಿರುತ್ತದೆ. ಇದರಿಂದ, ಕಣ್ಣನ್ನು ಮಾತ್ರ ನಂಬಿ ಇಲ್ಲಿ ಕ್ಷೇಮವನ್ನು ಸಾಧಿಸಲಾಗದೆಂಬುದು ಸ್ಪಷ್ಟವಾಗುತ್ತದೆ.

ಕೊಡೆ ಬಿಚ್ಚಿದ ಮೇಲೆ ಜಿಗಿತಗಾರನು ಚೆನ್ನಾಗಿ ಕಾಣುತ್ತಾನೆ. ಆದರೆ ಆಗ ಗಾಳಿಯ ಪ್ರಶ್ನೆ ಬರುತ್ತದೆ. ಒಂದು ಸಣ್ಣ ಲೆಕ್ಕವನ್ನು ಮಾಡಬಹುದು. ೧,೦೦೦ ಮೀಟರ್ ಎತ್ತರದಲ್ಲಿ ಬಿಚ್ಚಿದ ಕೊಡೆಯು ಸೆಕೆಂಡಿಗೆ ೫ ಮೀಟರಿನಂತೆ ಇಳಿದರೆ ನೆಲವನ್ನು ಮುಟ್ಟಲು ೨೦೦ ಸೆಕೆಂಡುಗಳು ಬೇಕು. ಗಾಳಿಯೂ ಸೆಕೆಂಡಿಗೆ ೫ ಮೀಟರಿನಂತೆ, ಅಂದರೆ ಗಂಟೆಗೆ ೧೮ ಕಿಲೋಮೀಟರಿನಂತೆ ಬೀಸುತ್ತಿದ್ದರೆ, ಅಷ್ಟು ಹೊತ್ತಿನಲ್ಲಿ ಅದು ಕೊಡೆಯನ್ನು ಒಂದು ಕಿಲೋಮೀಟರ್ ದೂರಕ್ಕೆ ಒಯ್ಯಬಲ್ಲದು. ಓಡುದಾರಿಯ ಒಂದು ಬದಿಯಲ್ಲಿ ಇಳಿಯಬೇಕಾದವನು ಅದರ ಮೇಲೆಯೇ ಬಂದು ಬೀಳಲು ಇಷ್ಟು ಸಾಕು. ಇಂದಿನ ಚೌಕಾಕಾರದ ಕೊಡೆಗಳನ್ನು ಬೇಕಾದ ಕಡೆಗೆ ತಿರುಗಿಸಿ, ಗಾಳಿಗೆ ಎದುರಾಗಿಯೂ ನಡೆಸಬಹುದು. ಆದರೂ ಅವುಗಳನ್ನು ನಿಲ್ಲಿಸಲಾಗದು. ವಿಮಾನದಂತೆ ಮತ್ತೆ ಮೇಲೇರಿ ಇನ್ನೊಮ್ಮೆ ಪ್ರಯತ್ನಿಸಲಾಗದು. ಅಲ್ಲದೆ ವಿಮಾನವೂ ಕೊಡೆಯೂ ಗಾಳಿಗೆ ಎದುರಾಗಿಯೇ ಇಳಿಯಬಯಸುತ್ತವೆ. ಹೀಗಾಗಿ ಇಬ್ಬರೂ ಒಂದೇ ದಿಕ್ಕಿನಿಂದ, ಒಂದೇ ಬಯಲಿಗೆ, ಒಮ್ಮೊಮ್ಮೆ ಒಂದೇ ಕ್ಷಣದಲ್ಲಿ ಬರುತ್ತಾರೆ.

ಇದು ಕೇವಲ ಊಹೆಯಲ್ಲ. ೨೦೧೪ರ ಮಾರ್ಚ್ ೮ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಸೌತ್ ಲೇಕ್‌ಲೆಂಡ್ ಎಂಬ ಚಿಕ್ಕ ವಿಮಾನ ನಿಲ್ದಾಣದಲ್ಲಿ ೮೭ ವರ್ಷ ವಯಸ್ಸಿನ ಚಾಲಕರೊಬ್ಬರು, ಚಕ್ರಗಳನ್ನು ನೆಲಕ್ಕೆ ತಾಗಿಸಿ ನಿಲ್ಲದೆ ಮತ್ತೆ ಮೇಲೇರುವ ಅಭ್ಯಾಸದಲ್ಲಿ ತೊಡಗಿದ್ದರು. ಅದೇ ವೇಳೆಗೆ ೪೯ ವರ್ಷದ ಜಿಗಿತಗಾರರೊಬ್ಬರು ಕೊಡೆಯಲ್ಲಿ ಇಳಿಯುತ್ತಿದ್ದರು. ನೆಲಕ್ಕೆ ಸಮೀಪದಲ್ಲಿ ವಿಮಾನದ ರೆಕ್ಕೆಗೆ ಕೊಡೆಯ ದಾರಗಳು ಸಿಕ್ಕಿಕೊಂಡವು. ಜಿಗಿತಗಾರರು ಗಾಳಿಯಲ್ಲಿ ಎಸೆಯಲ್ಪಟ್ಟರು. ವಿಮಾನವು ಮೂತಿಯನ್ನು ಕೆಳಗೆ ಮಾಡಿ ನೆಲಕ್ಕೆ ಅಪ್ಪಳಿಸಿತು. ಸುದೈವದಿಂದ ಇಬ್ಬರೂ ಸಣ್ಣ ಗಾಯಗಳೊಡನೆ ಬದುಕಿ ಉಳಿದರು. ಕೆಳಗೆ ನಿಂತಿದ್ದವರೊಬ್ಬರು ತೆಗೆದ ಛಾಯಾಚಿತ್ರಗಳನ್ನು ಜಗತ್ತೇ ಬೆರಗಿನಿಂದ ನೋಡಿತು. ಬಿಸಿಲಿನಲ್ಲಿ, ತೆರೆದ ಬಯಲಿನಲ್ಲಿಯೇ ಇಂತಹ ಘಟನೆ ನಡೆಯಬಲ್ಲದೆಂಬುದನ್ನು ಆ ಚಿತ್ರಗಳು ತೋರಿಸಿಕೊಟ್ಟವು.

ಕಾಲು ನೆಲಕ್ಕೆ ತಾಗಿದೊಡನೆ ಅಪಾಯ ಮುಗಿಯುವುದೂ ಇಲ್ಲ. ನೆಲದ ಮೇಲೆ ಹರಡಿದ ಕೊಡೆಯೊಳಗೆ ಗಾಳಿ ತುಂಬಿದರೆ ಅದು ಮನುಷ್ಯನನ್ನು ಎಳೆದೊಯ್ಯಬಲ್ಲದು. ಹತ್ತಿರದಲ್ಲಿ ಚಲಿಸುವ ವಿಮಾನದ ತಿರುಗುವ ಪಂಖಕ್ಕೆ ಬಟ್ಟೆಯೋ ದಾರವೋ ಸಿಕ್ಕಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ದೊಡ್ಡ ವಿಮಾನಗಳು ಹಾರಿಹೋದ ಮೇಲೂ ಅವುಗಳ ಹಿಂದೆ ಗಾಳಿಯ ಸುಳಿಗಳು ಸ್ವಲ್ಪ ಕಾಲ ಉಳಿದಿರುತ್ತವೆ. ಅಂತಹ ಸುಳಿಗೆ ಸಿಕ್ಕಿದ ಕೊಡೆ ಮುದುಡಿ ಹೋಗಬಹುದು. ರಸ್ತೆಯನ್ನು ದಾಟುವಾಗ ಎರಡೂ ಬದಿಯನ್ನು ನೋಡಬೇಕೆಂದು ನಾವು ಬಾಲ್ಯದಲ್ಲಿ ಕಲಿತಿದ್ದೇವಷ್ಟೆ. ಓಡುದಾರಿಯನ್ನು ದಾಟುವ ಜಿಗಿತಗಾರನಿಗೂ ಅದೇ ಪಾಠವನ್ನು ಕಲಿಸುತ್ತಾರೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಆಕಾಶದಲ್ಲಿರುವವರ ಮತ್ತು ನೆಲದಲ್ಲಿರುವವರ ನಡುವಿನ ಮಾತು. ಆ ಮಾತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ೧೯೬೭ರ ಆಗಸ್ಟ್ ೨೭ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ ನಡೆದ ದುರಂತವೇ ಸಾಕ್ಷಿ. ಹಳೆಯ ಬಾಂಬರ್ ವಿಮಾನವೊಂದು ಜಿಗಿತಗಾರರನ್ನು ಹೊತ್ತು ಮೋಡಗಳ ಮೇಲೆ ಹಾರುತ್ತಿತ್ತು. ಅವರು ಇಳಿಯಬೇಕಾಗಿದ್ದುದು ಆರ್ಟ್‌ನರ್ ಎಂಬ ಚಿಕ್ಕ ವಿಮಾನ ನಿಲ್ದಾಣದಲ್ಲಿ. ಮೋಡದಿಂದಾಗಿ ನೆಲ ಕಾಣುತ್ತಿರಲಿಲ್ಲ. ಚಾಲಕನು ತಾನಿರುವ ಸ್ಥಾನವನ್ನು ರೇಡಾರ್ ನಿಯಂತ್ರಕರಿಂದ ಕೇಳಿ ತಿಳಿದನು. ಆದರೆ ನಿಯಂತ್ರಕನು ರೇಡಾರ್ ತೆರೆಯ ಮೇಲೆ ಬೇರೊಂದು ಚಿಕ್ಕ ವಿಮಾನದ ಗುರುತನ್ನು ಇದರ ಗುರುತೆಂದು ಭಾವಿಸಿದ್ದನು. ಆ ಮಾತನ್ನು ನಂಬಿ ಹದಿನೆಂಟು ಮಂದಿ ಧುಮುಕಿದರು. ಮೋಡಗಳನ್ನು ದಾಟಿ ಬಂದಾಗ ಅವರಿಗೆ ಕೆಳಗೆ ಕಂಡದ್ದು ಈರೀ ಸರೋವರದ ಅಪಾರ ಜಲರಾಶಿ. ಹದಿನಾರು ಮಂದಿ ಮುಳುಗಿ ಸತ್ತರು; ಇಬ್ಬರನ್ನು ಮಾತ್ರ ದೋಣಿಯವರು ಉಳಿಸಲು ಸಾಧ್ಯವಾಯಿತು. ಅವರ ಕೊಡೆಗಳೆಲ್ಲವೂ ಸರಿಯಾಗಿಯೇ ಬಿಚ್ಚಿದ್ದವು ಎಂಬುದನ್ನು ನಾವು ಗಮನಿಸಬೇಕು. ವಿಚಾರಣೆ ನಡೆಸಿದವರು ನಿಯಂತ್ರಕನ ತಪ್ಪನ್ನೂ, ನೆಲವನ್ನು ಕಾಣದೆ ಧುಮುಕಿದವರ ಮತ್ತು ಧುಮುಕಲು ಬಿಟ್ಟವರ ತಪ್ಪನ್ನೂ ಎತ್ತಿ ತೋರಿದರು.

ಇಂತಹ ಕಹಿ ಅನುಭವಗಳ ಹಿನ್ನೆಲೆಯಲ್ಲಿಯೇ ನಿಯಮಗಳ ಬೆಲೆಯನ್ನು ತಿಳಿಯಬೇಕು. ಅಮೆರಿಕದ ನಿಯಮದಂತೆ ಮೋಡದೊಳಗೆ ಅಥವಾ ಮೋಡದ ಮೂಲಕ ಧುಮುಕುವಂತಿಲ್ಲ. ಜಿಗಿತವು ಆರಂಭವಾಗುವುದಕ್ಕೆ ಕನಿಷ್ಠ ಐದು ನಿಮಿಷ ಮೊದಲು ಚಾಲಕನು ವಾಯುಸಂಚಾರ ನಿಯಂತ್ರಕರೊಡನೆ ರೇಡಿಯೋ ಸಂಪರ್ಕವನ್ನು ಹೊಂದಿ, ಸುತ್ತಮುತ್ತಲ ವಿಮಾನಗಳ ವಿಷಯವನ್ನು ತಿಳಿದುಕೊಳ್ಳಬೇಕು. ಜಿಗಿತದ ಕೇಂದ್ರಗಳನ್ನು ಚಾಲಕರ ನಕ್ಷೆಗಳಲ್ಲಿ ಕೊಡೆಯ ಚಿಹ್ನೆಯಿಂದ ಗುರುತಿಸಿರುತ್ತಾರೆ. ಕೊಡೆಗಳು ಇಳಿಯುವ ಬಯಲನ್ನು ಓಡುದಾರಿಯಿಂದ ಬೇರ್ಪಡಿಸುವುದು, ಕಡಿಮೆ ಎತ್ತರದಲ್ಲಿ ಓಡುದಾರಿಯ ಮೇಲೆ ಹಾಯದಿರುವುದು, ಗಾಳಿಯನ್ನು ಅಳೆದು ಧುಮುಕುವ ಸ್ಥಾನವನ್ನು ನಿಶ್ಚಯಿಸುವುದು, ಗಾಳಿ ಬಲವಾಗಿದ್ದರೆ ಜಿಗಿತವನ್ನೇ ನಿಲ್ಲಿಸುವುದು, ಇವು ಒಳ್ಳೆಯ ಕೇಂದ್ರಗಳು ತಪ್ಪದೆ ನಡೆಸುವ ಪದ್ಧತಿಗಳು.

ನಮ್ಮ ನಾಡಿಗೂ ಈ ವಿಷಯ ದೂರದ್ದಲ್ಲ. ೧೯೯೬ರಿಂದ ಬೆಂಗಳೂರಿನ ಯಲಹಂಕದ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನವು ನಡೆಯುತ್ತ ಬಂದಿದೆ. ಭಾರತೀಯ ವಾಯುಪಡೆಗೆ 'ಆಕಾಶಗಂಗಾ' ಎಂಬ ಜಿಗಿತಗಾರರ ತಂಡವಿದೆ. ಮೈಸೂರಿನ ದಸರಾ ಉತ್ಸವದಲ್ಲಿಯೂ ಈ ತಂಡದ ಸಾಹಸವನ್ನು ಜನರು ಕಂಡಿದ್ದಾರೆ. ಯಲಹಂಕಕ್ಕೆ ಸಮೀಪದಲ್ಲಿಯೇ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಪ್ರದರ್ಶನದ ದಿನಗಳಲ್ಲಿ ಅಲ್ಲಿಯ ವಿಮಾನ ಸಂಚಾರವನ್ನು ಗೊತ್ತಾದ ಗಂಟೆಗಳಲ್ಲಿ ನಿಲ್ಲಿಸಿ, ಆ ವೇಳೆಯನ್ನು ಮೊದಲೇ ಪ್ರಕಟಿಸುತ್ತಾರೆ. ಪ್ರಯಾಣಿಕರಿಗೆ ಇದರಿಂದ ತೊಂದರೆಯಾಗುವುದು ನಿಜ. ಆದರೆ ಒಂದೇ ಆಕಾಶವನ್ನು ಇಬ್ಬರು ಬಳಸಬೇಕಾದಾಗ, ಒಬ್ಬರಿಗೆ ಒಂದು ವೇಳೆ, ಇನ್ನೊಬ್ಬರಿಗೆ ಇನ್ನೊಂದು ವೇಳೆ ಎಂದು ಹಂಚಿಕೊಳ್ಳುವುದೇ ವಿವೇಕ.

ಆಕಾಶವು ಅನಂತವೆನ್ನುತ್ತೇವೆ. ಆದರೆ ಓಡುದಾರಿಯ ಮೇಲಿನ ಆಕಾಶ ಹಳ್ಳಿಯ ಓಣಿಯಷ್ಟೇ ಇಕ್ಕಟ್ಟಾದುದು. ಅಲ್ಲಿ ಧುಮುಕುವವನ ಧೈರ್ಯವೊಂದೇ ಅವನನ್ನು ಕಾಯಲಾರದು. ಕೊಡೆಯನ್ನು ಮಡಿಸುವವನು, ಗಾಳಿಯನ್ನು ಅಳೆಯುವವನು, ವಿಮಾನವನ್ನು ನಡೆಸುವವನು, ರೇಡಾರಿನ ಮುಂದೆ ಕುಳಿತವನು, ಇವರಲ್ಲಿ ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸವನ್ನು ಶ್ರದ್ಧೆಯಿಂದ ಮಾಡಿ, ಹೇಳಬೇಕಾದ ಮಾತನ್ನು ಸಕಾಲದಲ್ಲಿ ಹೇಳಿದಾಗ ಮಾತ್ರ ಸಾಹಸಿಯು ನಗುತ್ತ ನೆಲಕ್ಕೆ ಬರುತ್ತಾನೆ. ನಿಯಮವು ಸಾಹಸಕ್ಕೆ ಕಟ್ಟಿದ ಬೇಲಿಯೆಂದು ಕೆಲವರು ಬೇಸರಪಡುವುದುಂಟು. ಆದರೆ ಸಾಹಸಿಯು ನಾಳೆಯೂ ಆಕಾಶಕ್ಕೆ ಏರುವಂತಾಗುವುದು ಆ ನಿಯಮದಿಂದಲೇ.